ಅಂಗೈಯಲ್ಲಿ ಮೂರು ಹುಣಸೆ ಬೀಜ

ವೇದಿಕೆಯ ಮೇಲಿರುವ ಹಿರಿಯರಿಗೆ, ಕೆಳಗೆ ಕೂತಿರುವ ಹೊಸಬಾಳೆಯ ಅಕ್ಕತಂಗಿಯರಿಗೆ, ಶಿಕಾರಿಪುರದಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ನಮ್ಮ ಓದುಗರ ಬಳಗದವರಿಗೆ ನಮಸ್ಕಾರ. ಗುತ್ಯಪ್ಪಣ್ಣ — ಚೈತ್ರಶ್ರೀ — ನೀವಿಬ್ಬರೂ ಎದುರಿಗೇ ಕೂತಿದ್ದೀರಿ. ಮಾತಾಡುವಾಗ ನಾನು ನಿಮ್ಮ ಮುಖ ನೋಡದಿದ್ದರೆ ತಪ್ಪು ತಿಳಿಯಬೇಡಿ. ನೋಡಿದರೆ ನನಗೆ ಮುಂದೆ ಓದಲಿಕ್ಕೆ ಆಗುವುದಿಲ್ಲ. ಹೌದು, ಬರೆದುಕೊಂಡು ಬಂದಿದ್ದೇನೆ. ಹಾಗೇ ನಿಂತು ಮಾತಾಡುವ ಅಭ್ಯಾಸ ನನಗಿಲ್ಲ.

ನಾನು ಮಮತಾ. ಹೊಸಬಾಳೆಯವರಿಗೆ ಗೊತ್ತು, ಶಿಕಾರಿಪುರದ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ನಾವು ಈಗ ಕೂತಿರುವ ಈ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವವಳು. ಯಮುನಮ್ಮನವರು ಇಲ್ಲಿಯ ಕಾರ್ಯದರ್ಶಿಯಾಗಿದ್ದವರು, ಗುತ್ಯಪ್ಪಣ್ಣನ ಹೆಂಡತಿ, ಚೈತ್ರಶ್ರೀಯ ತಾಯಿ. ಅವರನ್ನು ನಾನು ಯಮುನಕ್ಕ ಎನ್ನುತ್ತಿದ್ದೆ. ಇವತ್ತು ಸಭೆಯಲ್ಲಿ ಮಾತ್ರ ಯಮುನಮ್ಮನವರು ಎಂದರೆ ಅವರೇ ಫೋಟೋದಿಂದ ಎದ್ದು ಬಂದು, ಯಾವ ಯಮುನಮ್ಮ ಮಾರಾಯ್ತಿ ಅದು, ಎಂದು ಕೇಳಿಯಾರು. ಆದ್ದರಿಂದ ಯಮುನಕ್ಕ ಎಂದೇ ಹೇಳುತ್ತೇನೆ.

ನನಗಿಂತ ಮೊದಲು ಮಾತಾಡಿದವರು ಯಮುನಕ್ಕ ಈ ಹಾಲಿನ ಸಂಘವನ್ನು ಹೇಗೆ ಬೆಳೆಸಿದರು ಎಂದು ಹೇಳಿದರು. ಅದೆಲ್ಲ ನಿಜ. ನಾನು ಪುಸ್ತಕದ ವಿಷಯ ಮಾತ್ರ ಹೇಳುತ್ತೇನೆ. ಅದರಲ್ಲಿ ನನ್ನದೊಂದು ಪಾಲು ಇದೆ. ಅದನ್ನು ಹೇಳದೆ ಹೂವು ಹಾಕಿ ಹೋಗಲು ನನಗೆ ಮನಸ್ಸಾಗಲಿಲ್ಲ.

ಬೆಳಿಗ್ಗೆ ಎಲ್ಲರ ಹಾಲು ಅಳೆದಾದ ಮೇಲೆ ವ್ಯಾನು ಬರುವವರೆಗೆ ಇಲ್ಲಿ ಸ್ವಲ್ಪ ಹೊತ್ತು ಕೆಲಸ ಇರುವುದಿಲ್ಲ. ಬೇರೆ ಡೇರಿಯಲ್ಲಾದರೆ ಊರ ಸುದ್ದಿ ಮಾತಾಡುತ್ತಾರೆ. ಯಮುನಕ್ಕ ಖಾಲಿ ಕ್ಯಾನೊಂದನ್ನು ಬೋರಲು ಹಾಕಿ — ಅಗೋ, ಅಲ್ಲಿ, ಆ ಕಿಟಕಿಯ ಕೆಳಗೆ — ಕೂತು ಕಾದಂಬರಿ ಓದುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪುಸ್ತಕ ಬಿಟ್ಟವಳು. ದಿನಕ್ಕೆ ನಾಲ್ಕು ಸಾಲು ದಿನಚರಿ ಬರೆಯುವುದು ಬಿಟ್ಟರೆ ಅಕ್ಷರದ ಸಹವಾಸ ಇರಲಿಲ್ಲ. ಒಂದು ದಿನ ಅವಳೇ ಇನ್ನೊಂದು ಕ್ಯಾನು ಬೋರಲು ಹಾಕಿದಳು. “ಸುಮ್ನೆ ನನ್ ಮುಖ ನೋಡ್ತಾ ನಿಂತ್ಕೋಬೇಡ. ಕೂತ್ಕೊಂಡು ಓದು” ಎಂದಳು. ಅಲ್ಲಿಂದ ಶುರು.

ಆಮೇಲೆ ಅವಳು ನನ್ನನ್ನು ಬಳಗಕ್ಕೆ ಕರೆದುಕೊಂಡು ಹೋದಳು. ಬಳಗ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ತಿಂಗಳು ಶಿಕಾರಿಪುರದಲ್ಲಿ, ಒಂದು ತಿಂಗಳು ಸೊರಬದಲ್ಲಿ ಸೇರುತ್ತೇವೆ. ತಿಂಗಳಿಗೊಂದು ಕಾದಂಬರಿ. ಎರಡು ಪ್ರತಿ ತರಿಸುತ್ತೇವೆ, ಆ ಕಡೆಗೊಂದು, ಈ ಕಡೆಗೊಂದು. ಅದು ಮನೆಯಿಂದ ಮನೆಗೆ ದಾಟುತ್ತದೆ. ಸೊರಬದ ಕಡೆಯ ಪ್ರತಿ ದಾಟಿಸುವ ಕೆಲಸ ನನ್ನದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಚರ್ಚೆ ಮುಗಿದ ಮೇಲೆ ಕಾದಂಬರಿಗೆ ಒಬ್ಬೊಬ್ಬರೂ ಐದರಲ್ಲಿ ಇಷ್ಟು ಎಂದು ಅಂಕ ಕೊಡುತ್ತೇವೆ. ಮೊದಮೊದಲು ಅದನ್ನು ಬಾಯಲ್ಲೇ ಹೇಳುತ್ತಿದ್ದರು. ಕಾಲೇಜಿನಲ್ಲಿ ಪಾಠ ಮಾಡುವ ವಾಗ್ದೇವಿ ಮೇಡಂ ನಾಲ್ಕು ಎಂದರೆ ನಾನೂ ನಾಲ್ಕು ಎನ್ನುತ್ತಿದ್ದೆ. ಮೇಡಂ ಇಲ್ಲೇ ಇದ್ದಾರೆ, ನಗುತ್ತಿದ್ದಾರೆ. ಯಮುನಕ್ಕನಿಗೆ ಅದು ಸರಿಬರಲಿಲ್ಲ. “ಡೇರಿಲಿ ದೊಡ್ ಮನೆಯೋರ ಹಾಲಿಗೆ ಮೊದ್ಲು ಫ್ಯಾಟ್ ಕೂಗಿಬಿಟ್ರೆ ಉಳ್ದೋರ ಹಾಲೆಲ್ಲ ಅದೇ ಆಗತ್ತಾ?” ಎಂದು ಕೇಳಿದಳು. ಮುಂದಿನ ತಿಂಗಳು ಸೆರಗಿನಲ್ಲಿ ಹುಣಸೆ ಬೀಜ ಕಟ್ಟಿಕೊಂಡು ಬಂದಳು. ಒಬ್ಬೊಬ್ಬರಿಗೆ ಐದೈದು. ಕೈ ಬೆನ್ನ ಹಿಂದೆ ಇಟ್ಟುಕೊಂಡು, ಎಷ್ಟು ಅಂಕವೋ ಅಷ್ಟು ಬೀಜ ಬಲಗೈಗೆ ತೆಗೆದುಕೊಂಡು, ಹೀಗೆ — ಮುಷ್ಟಿ ಮುಂದೆ ಚಾಚಬೇಕು. ಅವಳು “ಬಿಚ್ಚಿ” ಎಂದ ಕೂಡಲೇ ಎಲ್ಲರೂ ಒಟ್ಟಿಗೆ — ಹೀಗೆ. ಆ ದಿನ ನನ್ನ ಅಂಗೈಯಲ್ಲಿ ಒಂದೇ ಬೀಜ ಇತ್ತು, ಉಳಿದವರೆಲ್ಲರ ಕೈಯಲ್ಲಿ ನಾಲ್ಕು, ಐದು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಯಮುನಕ್ಕ, “ಒಂದು ಅಂದ್ರೆ ಒಂದು. ಯಾಕೆ ಅಂತ ಅವ್ಳನ್ನೇ ಕೇಳಿ” ಎಂದಳು. ಎಲ್ಲರೂ ನನ್ನನ್ನು ಕೇಳಿದರು. ನಾನು ಹೇಳಿದೆ. ಇಷ್ಟು ಜನ ನನ್ನ ಮಾತು ಮುಗಿಯುವವರೆಗೆ ಸುಮ್ಮನೆ ಕೂತಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಇಷ್ಟು ಕೊಟ್ಟವಳಿಗೆ ನಾನು ಏನು ಮಾಡಿದೆ — ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಬಂದಳಿಕೆಯ ಮಾತು ಹೇಳಬೇಕು. ಶಿಕಾರಿಪುರದವರಿಗೆ ಆಗಲೇ ನಗು ಬಂತು.

ಒಂದು ಸಲ ಬುತ್ತಿ ಕಟ್ಟಿಕೊಂಡು ಬಂದಳಿಕೆಗೆ ಹೋಗಿದ್ದೆವು. ಹಳೆಯ ಗುಡಿಯ ಕಟ್ಟೆಯ ಮೇಲೆ ಕೂತು ಚರ್ಚೆ. ಆ ತಿಂಗಳು ಗುತ್ಯಪ್ಪಣ್ಣನ ಹಸು ಕರು ಹಾಕಿ, ಯಮುನಕ್ಕನದು ಕೊನೆಯ ಭಾಗ ಓದಾಗಿರಲಿಲ್ಲ. ಶಿಕಾರಿಪುರದ ಬಟ್ಟೆ ಅಂಗಡಿಯ ಮಹೇಶ್ವರಪ್ಪನವರು ಬುತ್ತಿ ಬಿಚ್ಚುತ್ತಾ ಬಿಚ್ಚುತ್ತಾ ಕಥೆಯ ಕೊನೆಯನ್ನೂ ಬಿಚ್ಚಲು ಹೊರಟರು. ಅವರಿಗೆ ಒಳ್ಳೆಯವರು ಸಾಯುವ ಕಥೆ ಆಗುವುದಿಲ್ಲ. ಅಂಥದ್ದಕ್ಕೆ ಒಂದು ಬೀಜದ ಮೇಲೆ ಕೊಟ್ಟವರೇ ಅಲ್ಲ. “ಅಲ್ರೀ, ಕೊನಿಗೆ ಸಾಯಿಸೋದೇ ಇದ್ರೆ ಮುನ್ನೂರು ಪುಟ ಯಾಕ್ರೀ ಬದುಕಿಸ್ಬೇಕಿತ್ತು ಆ ಮೇಷ್ಟ್ರನ್ನ” ಎಂದು ಬಿಟ್ಟರು. ಯಮುನಕ್ಕ ಎರಡೂ ಕಿವಿಗೆ ಹೀಗೆ ಕೈ ಒತ್ತಿಕೊಂಡು ಎದ್ದೇ ಬಿಟ್ಟಳು. “ನಂದಿನ್ನೂ ಮುಗ್ದಿಲ್ಲ, ನಂದಿನ್ನೂ ಮುಗ್ದಿಲ್ಲ” ಎನ್ನುತ್ತಾ ಗುಡಿ ಸುತ್ತಲು ಹೊರಟಳು. ನಾವು ಚರ್ಚೆ ಮುಂದುವರಿಸಿದೆವು. ಪ್ರತಿ ಸುತ್ತಿಗೂ ನಮ್ಮ ಎದುರು ಬಂದಾಗ ಕಿವಿ ಮುಚ್ಚಿಕೊಂಡೇ ಹುಬ್ಬು ಹಾರಿಸುವಳು — ಮುಗೀತಾ ಎಂದು. ನಾವು ಇಲ್ಲ ಎಂದು ತಲೆಯಾಡಿಸಿದರೆ ಇನ್ನೊಂದು ಸುತ್ತು. ಅಲ್ಲಿ ಶಾಸನ ನೋಡಲು ಬಂದಿದ್ದವರು ಏನೋ ಹರಕೆ ಇರಬೇಕು ಎಂದು ದಾರಿ ಬಿಟ್ಟರು.

ಕೊನೆಗೆ ಬಂದು ಕೂತವಳು ರೂಲು ಮಾಡಿದಳು. ಓದಿ ಮುಗಿಸದವರ ಎದುರು ಕೊನೆ ಹೇಳುವಂತಿಲ್ಲ. ಓದಿ ಮುಗಿಸದವರು ಬೀಜ ಹಾಕುವಂತಿಲ್ಲ. “ಕ್ಯಾನಿನ ತಳ ಕಲಕ್ದೇ ಸ್ಯಾಂಪಲ್ ತೆಗೆಯೋ ಹಂಗಿಲ್ಲ. ಮೇಲಿನ ಹಾಲೇ ಬೇರೆ, ತಳದ ಹಾಲೇ ಬೇರೆ” ಎಂದಳು. ಮಹೇಶ್ವರಪ್ಪನವರು, “ಅಕ್ಕಾರೆ, ಮುಖ್ಯಮಂತ್ರಿ ಬಂದು ಕೇಳಿದ್ರೂ?” ಎಂದರು. “ಯಮ ಬಂದು ಕೇಳಿದ್ರೂ ಹೇಳೋ ಹಂಗಿಲ್ಲ” ಎಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಈಗ ಕೊನೆಯ ಕಾದಂಬರಿಗೆ ಬರುತ್ತೇನೆ. ಒಂದೇ ಮನೆಯಲ್ಲಿ ಅಕ್ಕ ತಂಗಿ. ಮನಸ್ತಾಪ ಬಂದು ನಡುವೆ ಗೋಡೆ ಎಬ್ಬಿಸಿಕೊಂಡಿದ್ದಾರೆ. ವರ್ಷಗಟ್ಟಲೆ ಮಾತಿಲ್ಲ. ಆದರೆ ಗೋಡೆಯ ಆಚೆಯಿಂದ ಅಕ್ಕ ಪಾತ್ರೆ ಇಡುವ ಸದ್ದು, ಕೆಮ್ಮುವ ಸದ್ದು ತಂಗಿಗೆ ಕೇಳುತ್ತದೆ. ಅದನ್ನು ಕೇಳುತ್ತಲೇ ತಂಗಿಯ ದಿನ ಶುರುವಾಗುತ್ತದೆ. ಕಥೆಯ ಕೊನೆಯ ಹತ್ತಿರ ಒಂದು ಬೆಳಿಗ್ಗೆ ಕೆಮ್ಮು ಕೇಳುವುದಿಲ್ಲ. ತಂಗಿ ಒಲೆಯ ಮುಂದೆ ಕೂತು ಕಾಯುತ್ತಾಳೆ. ಕಾಯುತ್ತಾಳೆ. ಕೇಳುವುದಿಲ್ಲ.

ನಾನು ಓದಿ ಮುಗಿಸಿ ಯಮುನಕ್ಕನಿಗೆ ಪ್ರತಿ ಕೊಟ್ಟೆ. ಅದೇ ವಾರ ಅವಳಿಗೆ ಉಸಿರಿನ ತೊಂದರೆ ಹೆಚ್ಚಾಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಪುಸ್ತಕ ಜೊತೆಗೇ ಹೋಯಿತು. ಅವಳ ಕಣ್ಣಿಗೆ ಅಕ್ಷರ ನಿಲ್ಲುತ್ತಿರಲಿಲ್ಲ, ಚೈತ್ರಶ್ರೀ ಸಂಜೆ ಹೊತ್ತು ಓದಿ ಹೇಳುತ್ತಿದ್ದಳು. ಇತ್ತ ಬಳಗದ ವಾಟ್ಸಾಪಿನಲ್ಲಿ, ಸೊರಬದ ಪ್ರತಿ ಎಲ್ಲಿ ನಿಂತಿದೆ, ಇನ್ನೂ ಇಬ್ಬರು ಓದಬೇಕು, ಭಾನುವಾರ ಚರ್ಚೆ ಎಂದು ಮೆಸೇಜು. ಬರೆದವರ ತಪ್ಪು ಏನೂ ಇಲ್ಲ. ಅವರಿಗೆ ಕಾಯಿಲೆ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಂದು ಸಾಲು ಬರೆದಿದ್ದರೆ ಎಲ್ಲರೂ ಕಾಯುತ್ತಿದ್ದರು. ಬರೆಯಲಿಲ್ಲ. ನನ್ನ ಕೆಲಸಕ್ಕೆ ಕುಂದು ಬಂತು ಎಂದು ಅವಮಾನವಾಯಿತು, ಅಷ್ಟೇ.

ಶುಕ್ರವಾರ ಅವಳನ್ನು ನೋಡಲು ಹೋದೆ. ನೋಡಲು ಎಂದು ಹೇಳುತ್ತಿದ್ದೇನೆ. ಪುಸ್ತಕ ತರಲು ಹೋದೆ.

ದಿಂಬಿನ ಪಕ್ಕ ಇತ್ತು. ಓದಿದಲ್ಲಿಗೆ ಮಾತ್ರೆ ಮುಗಿದ ಖಾಲಿ ಹಾಳೆ ಗುರುತಿಟ್ಟಿದ್ದಳು. ಕೆಮ್ಮು ನಿಂತ ಬೆಳಗಿನ ಪುಟ. ನಾನು ಬ್ಯಾಗಿಗೆ ಹಾಕಿಕೊಂಡೆ. ಅವಳು ಬೇಡ ಎನ್ನಲಿಲ್ಲ. ಆ ಖಾಲಿ ಹಾಳೆಯನ್ನು ಮಾತ್ರ ವಾಪಸ್ ತೆಗೆದುಕೊಂಡು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಕೇಳಿದಳು.

“ಏ ಮಮತಾ. ಆ ಅಕ್ಕ ಇದ್ದಾಳಾ, ಹೋದ್ಲಾ? ಅಷ್ಟು ಹೇಳಿ ಹೋಗು.”

“ರೂಲು ಯಾರು ಮಾಡಿದ್ದು? ಯಮ ಬಂದು ಕೇಳಿದ್ರೂ ಹೇಳೋ ಹಂಗಿಲ್ಲ” ಎಂದೆ ನಾನು.

ತಮಾಷೆ ಎಂದುಕೊಂಡೆ. ಬಂದಳಿಕೆ ನೆನಪಾಗಿ ನಗುತ್ತಾಳೆ ಎಂದುಕೊಂಡೆ. ನಕ್ಕಳು ಕೂಡ, ಸ್ವಲ್ಪ. ನಕ್ಕು ಮತ್ತೆ ಕೇಳಿದಳು.

“ಹೇಳೇ ಮಾರಾಯ್ತಿ. ನಾ ಬೀಜ ಹಾಕಲ್ಲ, ಆಯ್ತಾ? ಸುಮ್ನೆ ಕೇಳ್ಕೋತೀನಿ.”

“ಮುಂದಿನ ವಾರ ಮನೆಗೆ ಬರ್ತೀಯಲ್ಲ. ಪುಸ್ತಕ ತಂದ್ಕೊಡ್ತೀನಿ. ನೀನೇ ಓದ್ಕೋ.”

ಯಾಕೆ ಹೇಳಲಿಲ್ಲ ಎಂದು ಇಷ್ಟು ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ರೂಲಿನ ಮೇಲಿನ ಗೌರವಕ್ಕಲ್ಲ. ಕೊನೆ ಹೇಳಿಬಿಟ್ಟರೆ, ಇವಳು ಇನ್ನು ಪುಸ್ತಕ ಹಿಡಿಯುವುದಿಲ್ಲ ಎಂದು ನಾನು ಒಪ್ಪಿಕೊಂಡ ಹಾಗಾಗುತ್ತಿತ್ತು. ಒಪ್ಪಿಕೊಳ್ಳಲು ನನಗೆ ಹೆದರಿಕೆ. ನನ್ನ ಹೆದರಿಕೆಗೆ ಅವಳ ರೂಲನ್ನೇ ಅಡ್ಡ ಹಿಡಿದೆ. ಅವಳು ಒಪ್ಪಿಕೊಂಡಾಗಿತ್ತು. ಅದಕ್ಕೇ ಕೇಳಿದ್ದು. ಅದು ನನಗೆ ಆಗ ಹೊಳೆಯಲಿಲ್ಲ, ಬಸ್ಸಿನಲ್ಲೂ ಹೊಳೆಯಲಿಲ್ಲ. ಯಮುನಕ್ಕನನ್ನು ನೋಡಿ ಬಂದೆ, ಪುಸ್ತಕ ದಾಟಿಸಿದೆ ಎಂದು ದಿನಚರಿಯಲ್ಲಿ ಬರೆದು ಮಲಗಿದೆ.

ಇಲ್ಲಿಗೇ ಮುಗಿದಿದ್ದರೆ ನಾನು ಇವತ್ತು ಇಷ್ಟು ಮಾತಾಡುತ್ತಿರಲಿಲ್ಲವೇನೋ. ಇನ್ನೂ ಇದೆ. ಗುತ್ಯಪ್ಪಣ್ಣ, ಇದು ನಿಮಗೂ ಗೊತ್ತಿಲ್ಲ. ಚೈತ್ರಶ್ರೀಗೆ ಗೊತ್ತು. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ.

ಭಾನುವಾರ ಶಿಕಾರಿಪುರದಲ್ಲಿ, ಮಹೇಶ್ವರಪ್ಪನವರ ಅಂಗಡಿಯ ಮಹಡಿಯಲ್ಲಿ ಚರ್ಚೆ. ಚೆನ್ನಾಗಿ ಆಯಿತು. ಎಲ್ಲರಿಗೂ ಪುಸ್ತಕ ಹಿಡಿಸಿತ್ತು. ಯಾವಾಗಲೂ ಯಮುನಕ್ಕ ಕೂರುತ್ತಿದ್ದ ಜಾಗ, ಕಂಬದ ಪಕ್ಕ, ನನ್ನ ಬಲಕ್ಕೆ, ಅಲ್ಲಿ ಯಾರೂ ಕೂತಿರಲಿಲ್ಲ. ಬೀಜ ಹಂಚಿದರು. ನಾನು ಐದು ಕೊಡಬೇಕು ಎಂದೇ ಇದ್ದೆ. ಬೆನ್ನ ಹಿಂದೆ ಎಣಿಸಿಕೊಳ್ಳುವಾಗ ಆ ಖಾಲಿ ಜಾಗ ಕಂಡಿತು. ಕಣ್ಣು ತುಂಬಿತು. ಎರಡು ಬೀಜ ಎಡಗೈಗೆ ವಾಪಸ್ ಹೋದವು. ಮೂರು ಉಳಿದವು.

ನಿಮಗೆ ಇನ್ನೊಂದು ಹೇಳಬೇಕು. ಹಿಂದೊಮ್ಮೆ ನಾನು ಒಂದು ಪುಸ್ತಕಕ್ಕೆ ಮೂರು ಕೊಟ್ಟಿದ್ದೆ. ಬಸ್ಸಿನಲ್ಲಿ, ಶಿರಾಳಕೊಪ್ಪ ದಾಟಿದ ಮೇಲೆ ಯಮುನಕ್ಕ ನನ್ನ ಕಡೆ ತಿರುಗಿ, “ಓದ್ತಾ ಅತ್ತಿದ್ದೀಯ ಅಲ್ದಾ?” ಎಂದಳು. ಇಲ್ಲಪ್ಪ ಎಂದೆ. “ಸುಳ್ಳು ಹೇಳ್ಬೇಡ. ನಿಂಗೆ ಹಿಡಿಸ್ದೇ ಇದ್ರೆ ಒಂದು. ಹಿಡಿಸಿದ್ರೆ ಐದು. ಅಳು ಬಂದ್ರೆ ಮೂರು. ಯಾರಿಗೂ ಗೊತ್ತಾಗ್ಬಾರ್ದು ಅಂತ ನಡೂಮಧ್ಯ ಹೋಗಿ ನಿಂತ್ಕೋತೀಯ.” ನನಗೇ ಗೊತ್ತಿರದ ನನ್ನ ಲೆಕ್ಕ ಅವಳಿಗೆ ಗೊತ್ತಿತ್ತು.

ಭಾನುವಾರ ಮುಷ್ಟಿ ಬಿಚ್ಚಿದೆವು. ಬಿಚ್ಚಿದ ಅಂಗೈಗಳ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ನಮ್ಮ ಪದ್ಧತಿ. ಯಾವಾಗಲೂ ಯಮುನಕ್ಕ ತೆಗೆಯುತ್ತಿದ್ದಳು. ಆ ದಿನ ನಾನು ತೆಗೆದೆ — ಎಡಗೈಯಲ್ಲಿ ಫೋನು, ಬಲಗೈ ಹೀಗೆ ಮುಂದೆ. ಮುಖ ಯಾರದೂ ಇಲ್ಲ. ಬರೀ ಅಂಗೈಗಳು. ಯಮುನಕ್ಕ ನೋಡಿ ಖುಷಿಪಡಲಿ ಎಂದು ತಕ್ಷಣ ಹಾಕಿದೆ.

ಅವಳು ನೋಡಿದಳು.

ಆಮೇಲಿನದು ಚೈತ್ರಶ್ರೀ ನನಗೆ ಹೇಳಿದ್ದು, ಮಣ್ಣು ಮಾಡಿ ಬಂದ ಮಾರನೆಯ ದಿನ. ಅಮ್ಮ ಫೋನು ಹತ್ತಿರ ಹಿಡಿಯಲು ಹೇಳಿದಳಂತೆ. ಎರಡು ಬೆರಳಲ್ಲಿ ಹೀಗೆ ದೊಡ್ಡದು ಮಾಡಿ ಒಂದೊಂದೇ ಅಂಗೈ ನೋಡಿದಳಂತೆ. ಕೊನೆ ಏನಾಯಿತೆಂದು ಬೀಜದಲ್ಲಿ ಹುಡುಕುತ್ತಿದ್ದಳು. ಯಾರೂ ಬಾಯಿ ಬಿಡದಿದ್ದಾಗ ಇನ್ನೇನು ಮಾಡಿಯಾಳು.

“ಇದು ಮಹೇಶ್ವರಪ್ಪನ ಕೈ. ಹಸಿರು ಉಂಗುರ. ಐದು ಕೊಟ್ಟಿದ್ದಾನೆ ನೋಡೇ. ಅಂವ ಐದು ಕೊಟ್ಟಾನೆ ಅಂದ್ರೆ ಯಾರೂ ಸತ್ತಿಲ್ಲ. ಅಕ್ಕ ಉಳ್ಕೊಂಡಿದ್ದಾಳೆ” ಎಂದಳಂತೆ. ಮುಖ ಅರಳಿತ್ತು ಎಂದು ಚೈತ್ರಶ್ರೀ ಹೇಳಿದಳು.

ಆಮೇಲೆ ನನ್ನ ಕೈ ಬಂತು. ಹೆಬ್ಬೆರಳ ಬುಡದಲ್ಲಿ ಈ ಕಲೆ ಇದೆಯಲ್ಲ, ಫ್ಯಾಟ್ ನೋಡುವಾಗ ಆ್ಯಸಿಡ್ ಚೆಲ್ಲಿ ಆದದ್ದು. ಆ ದಿನ ಓಡಿ ಬಂದು ನೀರು ಹಾಕಿದವಳೇ ಅವಳು. ಗುರುತು ಸಿಗದೇ ಇರುತ್ತದೆಯೇ.

“ಮಮತಾ ಮೂರು ಕೊಟ್ಟಿದ್ದಾಳೆ” ಎಂದಳಂತೆ. ಚೈತ್ರಶ್ರೀ, “ಮಮತಾ ಚಿಕ್ಕಮ್ಮಂಗೆ ಫೋನ್ ಮಾಡಿ ಕೇಳ್ಲಾ?” ಎಂದಿದ್ದಾಳೆ. “ಬೇಡ ಬಿಡು. ಅವ್ಳು ಅತ್ತಿದ್ದಾಳೆ. ಅಕ್ಕ ಹೋಗ್ಬಿಟ್ಟಿದ್ದಾಳೆ” ಎಂದು ಫೋನು ಆಚೆ ಕೊಟ್ಟಳಂತೆ.

ಸೋಮವಾರ ಬೆಳಿಗ್ಗೆ ಯಮುನಕ್ಕ ಹೋದಳು.

ಮಹೇಶ್ವರಪ್ಪನವರ ಐದು ಬೀಜ ಸರಿಯಾಗಿಯೇ ಹೇಳಿತ್ತು. ನನ್ನ ಮೂರು ಬೀಜ ಅದನ್ನು ಅಳಿಸಿಹಾಕಿತು. ಅವರಿಗಿಂತ ನನ್ನನ್ನು ಅವಳು ಹೆಚ್ಚು ನಂಬಿದಳು. ನಾನು ಅತ್ತಿದ್ದೇನೆ ಎಂದು ಅವಳು ಹೇಳಿದ್ದು ಸರಿ. ಯಾರಿಗಾಗಿ ಎನ್ನುವುದೊಂದೇ ತಪ್ಪಿತು.

ಸಮಾಧಾನ ಹೇಳಲು ಬಂದವರು, ಅವರ ಆಯಸ್ಸು ಅಷ್ಟೇ ಇತ್ತು ಮಮತಾ, ಕಥೆಯ ಕೊನೆ ಕೇಳಿದ್ದರೆ ಬದುಕುತ್ತಿದ್ದರೇ ಎನ್ನುತ್ತಾರೆ. ನಾನು ಹಾಗೆ ಹೇಳುತ್ತಿಲ್ಲ. ಡಾಕ್ಟರು ಮಾಡುವುದನ್ನು ಮಾಡಿದರು, ಚೈತ್ರಶ್ರೀ ಕಣ್ಣು ಮುಚ್ಚದೆ ನೋಡಿಕೊಂಡಳು. ಅದರಲ್ಲಿ ಯಾರ ಲೋಪವೂ ಇಲ್ಲ. ನಾನು ಹೇಳುತ್ತಿರುವುದು ಸಣ್ಣ ವಿಷಯ. ಇಷ್ಟು ವರ್ಷ ಯಮುನಕ್ಕ ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ಒಂದೇ ಒಂದು ಕೇಳಿದಳು. ಅದು ನನ್ನ ಬಾಯಲ್ಲೇ ಇತ್ತು. ಅದಕ್ಕೆ ಅಂಗಡಿಗೆ ಹೋಗಬೇಕಿರಲಿಲ್ಲ, ಯಾರನ್ನೂ ಕೇಳಬೇಕಿರಲಿಲ್ಲ. ಬಾಯಿ ಬಿಟ್ಟರೆ ಸಾಕಿತ್ತು.

ಚೈತ್ರಶ್ರೀ ನನ್ನ ಮೇಲೆ ಸಿಟ್ಟಾಗಲಿಲ್ಲ. ಎಲ್ಲ ಹೇಳಿ ಮುಗಿಸಿ, “ಚಿಕ್ಕಮ್ಮ, ಈಗಾದ್ರೂ ಹೇಳ್ತೀರಾ?” ಎಂದಳು. ಆಗಲೂ ನಾನು, ಸಭೆಯಲ್ಲಿ ಹೇಳುತ್ತೇನೆ, ನಿಮ್ಮಮ್ಮನ ಎದುರೇ ಹೇಳುತ್ತೇನೆ ಎಂದು ಬಂದುಬಿಟ್ಟೆ.

ಬಳಗದವರೆಲ್ಲ ಓದಿದ್ದೀರಿ. ಈ ಸಭೆಯಲ್ಲಿ ಓದದವರು ಬಹಳ ಜನ ಇದ್ದೀರಿ. ಮುಂದೆ ಓದಬೇಕು ಎನ್ನುವವರಿದ್ದರೆ ಯಮುನಕ್ಕ ಬಂದಳಿಕೆಯಲ್ಲಿ ಮಾಡಿದ ಹಾಗೆ ಹೀಗೆ ಕಿವಿ ಮುಚ್ಚಿಕೊಳ್ಳಿ. ಬೇಕಾದರೆ ಎದ್ದು ಡೇರಿಯ ಸುತ್ತ ಒಂದು ಸುತ್ತು ಬನ್ನಿ, ಯಾರೂ ನಗುವುದಿಲ್ಲ. ನಾನು ಇವತ್ತು ರೂಲು ಮುರಿಯುತ್ತಿದ್ದೇನೆ.

ಯಮುನಕ್ಕ, ಕೇಳು.

ಕೆಮ್ಮು ಕೇಳದ ಆ ಬೆಳಿಗ್ಗೆ ತಂಗಿ ಬಹಳ ಹೊತ್ತು ಕಾಯುತ್ತಾಳೆ. ಆಮೇಲೆ ಎದ್ದು, ಹಿತ್ತಲಿನಿಂದ ಸುತ್ತಿ, ಅಕ್ಕನ ಬಾಗಿಲಿಗೆ ಹೋಗುತ್ತಾಳೆ. ಬಾಗಿಲು ಬಡಿಯಬೇಕು ಎಂದು ಕೈ ಎತ್ತುತ್ತಾಳೆ. ಕೈ ತಾಗಿದ ಕೂಡಲೇ ಬಾಗಿಲು ಸರಿಯುತ್ತದೆ. ಚಿಲಕ ಹಾಕಿಯೇ ಇರುವುದಿಲ್ಲ. ಒಳಗೆ ಅಕ್ಕ ಗೋಡೆಗೊರಗಿ ಕೂತಿದ್ದಾಳೆ. ಗಂಟಲು ಕಟ್ಟಿದೆ, ಕೆಮ್ಮಲೂ ಶಕ್ತಿಯಿಲ್ಲ. ಕಣ್ಣು ಬಿಟ್ಟಿದೆ. ತಂಗಿಯನ್ನು ನೋಡುತ್ತಾಳೆ. ಅತ್ತು ಕರೆದು ಏನೂ ಮಾಡುವುದಿಲ್ಲ. ಇಷ್ಟು ವರ್ಷದ ಮೇಲೆ ಅವಳು ಆಡುವ ಮೊದಲ ಮಾತು — ನಿಮ್ಮಲ್ಲಿ ಹಾಲಿದ್ಯಾ, ಕಾಫಿಗೆ.

ತಂಗಿ ಹಾಲು ತರಲು ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಅಷ್ಟೇ. ಅಕ್ಕ ಇದ್ದಾಳೆ, ಯಮುನಕ್ಕ. ಹೋಗಿಲ್ಲ. ಹಾಲು ಎಂಬ ಮಾತು ಬಂದಾಗ ನೀನು ನಗುತ್ತೀಯ ಎಂದು, ಓದುವಾಗಲೇ ಅಂದುಕೊಂಡಿದ್ದೆ. ನಿನ್ನ ಮುಖ ನೋಡಬೇಕೆಂದೇ ನನ್ನದಾದ ಮೇಲಿನ ಸರದಿ ನಿನಗೆ ಹಾಕಿದ್ದೆ. ಈಗ ಹೇಳಲು ಎಷ್ಟು ಹೊತ್ತು ಹಿಡಿಯಿತು ನೋಡು.

ಆ ಪ್ರತಿ ಇಲ್ಲಿದೆ. ಇದು ಇನ್ನು ಯಾರಿಗೂ ದಾಟುವುದಿಲ್ಲ ಎಂದು ಬಳಗದವರು ಒಪ್ಪಿದ್ದಾರೆ. ಚೈತ್ರಶ್ರೀ, ಸಭೆ ಮುಗಿದ ಮೇಲೆ ತೆಗೆದುಕೊಂಡು ಹೋಗಮ್ಮ. ನೀನು ಓದಿ ಹೇಳುತ್ತಿದ್ದ ಪುಟಕ್ಕೆ ಹೊಸ ಗುರುತು ಇಟ್ಟಿದ್ದೇನೆ. ಗುತ್ಯಪ್ಪಣ್ಣ, ನಿಮ್ಮ ಹತ್ತಿರ ಏನು ಕೇಳಬೇಕೋ ನನಗೆ ತಿಳಿಯುತ್ತಿಲ್ಲ. ನಾಳೆ ಬೆಳಿಗ್ಗೆ ನೀವು ಹಾಲು ತಂದಾಗ ಯಾವಾಗಿನ ಹಾಗೆ ಕ್ಯಾನು ನನ್ನ ಎದುರಿಗೆ ಇಡಿ. ಅಷ್ಟು ಸಾಕು.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಕಾಲು ನೋವಿನವರು ಕೂತೇ ಇರಬಹುದು, ಯಮುನಕ್ಕ ಏನೂ ಅಂದುಕೊಳ್ಳುವುದಿಲ್ಲ. ಫೋನುಗಳನ್ನು ಒಳಗೆ ಇಡಿ, ದಯವಿಟ್ಟು ಯಾರೂ ಫೋಟೋ ತೆಗೆಯಬೇಡಿ. ಬಳಗದವರಲ್ಲಿ ಒಂದು ಮಾತು — ಅಭ್ಯಾಸದಿಂದ ಯಾರಾದರೂ ಬೀಜ ತಂದಿದ್ದರೆ ಜೇಬಿನಲ್ಲೇ ಇರಲಿ. ಇವತ್ತು ಯಾವುದಕ್ಕೂ ಅಂಕವಿಲ್ಲ. ಕೈ ಬಿಚ್ಚಿಕೊಂಡು, ಬರಿಗೈಯಲ್ಲಿ, ಅವಳಿಗಾಗಿ ಎರಡು ನಿಮಿಷ ಸುಮ್ಮನೆ ನಿಲ್ಲೋಣ.

ಏಳಿ.